ವಿದ್ಯಾರ್ಥಿಯ ಫಲಕ

ಬೆಂಗಳೂರಿನಿಂದ ರೈಲಿನಲ್ಲಿ ತುಮಕೂರಿಗೆ ಹೋಗುವವರಿಗೆ ತುಮಕೂರಿಗಿಂತ ಮುಂಚೆ ಸಿಕ್ಕುವ ನಿಲ್ದಾಣ ಕ್ಯಾತ್ಸಂದ್ರ. ಸಿದ್ಧಗಂಗೆಯ ಯಾತ್ರಿಕರು ಇಲ್ಲಿ ಇಳಿಯುತ್ತಾರೆ. ಮಠದಲ್ಲಿದ್ದು ವಿದ್ಯಾಭ್ಯಾಸ ಮಾಡುತ್ತಿರುವ ಮಕ್ಕಳನ್ನು ಕಾಣಲು ಬರುವ ತಂದೆತಾಯಿಗಳು ಇಳಿಯುತ್ತಾರೆ. ತಟ್ಟೆ ಇಡ್ಲಿಯ ರುಚಿ ಬಲ್ಲವರೂ ಇಳಿಯುವುದುಂಟು. ಆದರೆ ಇವರಲ್ಲಿ ಸ್ಟೇಷನ್ ಮಾಸ್ಟರರ ಕೊಠಡಿಯ ಕಡೆಗೆ ಕಣ್ಣು ಹಾಯಿಸುವವರು ವಿರಳ.

ರೈಲು ನಿಲ್ದಾಣದ ಆ ಕೊಠಡಿಯಲ್ಲಿ ನೋಡತಕ್ಕ ವಸ್ತುವೊಂದು ಇರುತ್ತದೆ. ಅದು ನಿಲ್ದಾಣದ ಹಳಿಗಳ ನಕ್ಷೆಯನ್ನು ಬರೆದಿರುವ ಒಂದು ಫಲಕ. ಹೊಸ ಏರ್ಪಾಡುಗಳಲ್ಲಿ ಅದರ ಸ್ಥಾನವನ್ನು ಕಂಪ್ಯೂಟರಿನ ಪರದೆ ಪಡೆದಿದೆ. ಹಳಿಯ ಯಾವ ಭಾಗದ ಮೇಲೆ ಗಾಡಿ ಇದೆಯೋ ನಕ್ಷೆಯ ಆ ಭಾಗದಲ್ಲಿ ಕೆಂಪು ಬೆಳಕು ಕಾಣಿಸುತ್ತದೆ. ಬರುವ ಗಾಡಿಗೆ ಮಾರ್ಗ ಸಿದ್ಧವಾದಾಗ ಆ ಮಾರ್ಗದುದ್ದಕ್ಕೂ ಬಿಳಿಯ ಅಥವಾ ಹಳದಿಯ ಬೆಳಕು ಮೂಡುತ್ತದೆ. ಗಾಡಿಯಲ್ಲಿ ಎಷ್ಟು ಮಂದಿ ಪ್ರಯಾಣಿಕರಿದ್ದಾರೆ, ಅವರು ಯಾವ ಊರಿನವರು, ಡಬ್ಬಿಗಳ ಬಣ್ಣ ಯಾವುದು ಎಂಬ ವಿಚಾರಗಳನ್ನು ಫಲಕ ತಿಳಿಸುವುದಿಲ್ಲ. ತಿಳಿಸಿದ್ದರೆ ಮಾಸ್ಟರರ ಕೆಲಸ ಸುಲಭವಾಗುತ್ತಿರಲಿಲ್ಲ, ಕಷ್ಟವಾಗುತ್ತಿತ್ತು. ಮುಂದಿನ ಗಾಡಿಯನ್ನು ಯಾವ ಹಳಿಗೆ ಬಿಡಬೇಕು ಎಂಬ ಒಂದು ಪ್ರಶ್ನೆಗೆ ಉತ್ತರ ಕೊಡಲು ಬೇಕಾದಷ್ಟು ಸಂಗತಿ ಅಲ್ಲಿದೆ, ಅದಕ್ಕಿಂತ ಹೆಚ್ಚಿಲ್ಲ. ಫಲಕದ ಗುಣವೆಲ್ಲ ಈ ಮಿತಿಯಲ್ಲಿಯೇ ಅಡಗಿದೆ.

ಇಂಥ ಒಂದು ಫಲಕವನ್ನು ವಿದ್ಯಾರ್ಥಿಯಾದವನು ತನ್ನ ಕಲಿಕೆಗಾಗಿ ಅಂತರಜಾಲದಲ್ಲಿ ತಾನೇ ಕಟ್ಟಿಕೊಳ್ಳಬಹುದು. ಅದಕ್ಕೆ ಹಣ ಬೇಕಾಗಿಲ್ಲ. ಕಂಪ್ಯೂಟರ್ ಶಾಸ್ತ್ರದ ವಿಶೇಷ ಪಾಂಡಿತ್ಯವೂ ಬೇಕಾಗಿಲ್ಲ. ಹೇಗೆ ಕಟ್ಟಬೇಕು, ಅದರ ಹಿಂದೆ ಕೆಲಸ ಮಾಡುವ ತತ್ತ್ವಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕೊರತೆ ಯಾವುದರದು?

ಕ್ಯಾತ್ಸಂದ್ರದಲ್ಲಿ ವಾಸವಾಗಿದ್ದು ತುಮಕೂರಿನ ಕಾಲೇಜಿಗೆ ಹೋಗುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಹತ್ತನೆಯ ತರಗತಿಯವರೆಗೆ ಆಕೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಈಗ ಪಿಯುಸಿಯಲ್ಲಿ ವಿಜ್ಞಾನ ವಿಷಯಗಳನ್ನು ಆರಿಸಿಕೊಂಡಿದ್ದಾಳೆ. ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಮನೆಯಲ್ಲಿರುವುದು ಒಂದೇ ಮೊಬೈಲು. ಅದು ರಾತ್ರಿ ಎರಡು ಗಂಟೆಗಳ ಕಾಲ ಆಕೆಯ ಕೈಗೆ ಬರುತ್ತದೆ. ಆ ಮೊಬೈಲಿನಲ್ಲಿ ಏನೇನಿದೆ? ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬಂದ ನೂರಾರು ಸಂದೇಶಗಳು. ಅವುಗಳ ನಡುವೆ ಎಲ್ಲಿಯೋ ಹುದುಗಿರುವ ಪ್ರಯೋಗ ಪರೀಕ್ಷೆಯ ದಿನಾಂಕ. ಗೆಳತಿಯರು ಕಳುಹಿಸಿದ ಟಿಪ್ಪಣಿಗಳು. ಅರ್ಧ ನೋಡಿ ಬಿಟ್ಟ ಉಪನ್ಯಾಸಗಳು. ನಾಳೆ ಓದೋಣವೆಂದು ಗುರುತು ಹಾಕಿಟ್ಟು ಮರೆತ ಪುಟಗಳು. ಎರಡು ಗಂಟೆಗಳಲ್ಲಿ ಅರ್ಧ ಗಂಟೆ ಹುಡುಕುವುದರಲ್ಲಿಯೇ ಕಳೆಯುತ್ತದೆ. ಹುಡುಕುವಾಗ ಕಣ್ಣಿಗೆ ಬಿದ್ದ ಬೇರೆ ಯಾವುದೋ ಚಿತ್ರ ಇನ್ನರ್ಧ ಗಂಟೆಯನ್ನು ನುಂಗುತ್ತದೆ. ವರ್ಷದ ಕೊನೆಯಲ್ಲಿ ಅಂಕಗಳು ಕಡಮೆಯಾದರೆ ಆಕೆ ತನ್ನ ಬುದ್ಧಿಯನ್ನೇ ಹಳಿದುಕೊಳ್ಳುತ್ತಾಳೆ. ಬುದ್ಧಿಯಲ್ಲಿ ದೋಷವಿರಲಿಲ್ಲವೆಂಬುದನ್ನು ಹೇಳುವವರು ಯಾರೂ ಇರುವುದಿಲ್ಲ.

ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ 1963ರಲ್ಲಿ ಆರಂಭವಾಯಿತು. ಆ ಕಾಲದ ವಿದ್ಯಾರ್ಥಿಗೆ ಇದ್ದ ಆಧಾರಗಳೆಂದರೆ ಅಧ್ಯಾಪಕರು, ಪಠ್ಯಪುಸ್ತಕ, ಗ್ರಂಥಾಲಯ ಇಷ್ಟೇ. ಬೇಕಾದ ಪುಸ್ತಕ ಸಿಕ್ಕುವುದೇ ಆಗಿನ ಕಷ್ಟ. ಈಗಿನ ಸ್ಥಿತಿ ಇದಕ್ಕೆ ತಲೆಕೆಳಗು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಉಪನ್ಯಾಸಗಳನ್ನು ಯಾರು ಬೇಕಾದರೂ ಕೇಳಬಹುದು. ಕೇಂದ್ರ ಸರ್ಕಾರದ ‘ಸ್ವಯಂ’ ತಾಣ 2017ರ ಜುಲೈ 9ರಂದು ಉದ್ಘಾಟನೆಯಾಯಿತು. ಶಾಲಾ ಮಕ್ಕಳಿಗಾಗಿ ‘ದೀಕ್ಷಾ’ ಅದೇ ವರ್ಷ ಬಂತು. ಎನ್‌ಸಿಇಆರ್‌ಟಿಯ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಹೀಗೆ ಕ್ಯಾತ್ಸಂದ್ರದ ಒಂದು ಸಣ್ಣ ಮನೆಯೊಳಕ್ಕೆ ಇಡೀ ಗ್ರಂಥಾಲಯವೇ ಬಂದು ಕುಳಿತಿದೆ. ಆದರೆ ಅದರ ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಿದವರು ಯಾರೂ ಇಲ್ಲ.

ಅರ್ಥಶಾಸ್ತ್ರದಲ್ಲಿ 1978ರ ನೊಬೆಲ್ ಪುರಸ್ಕಾರ ಪಡೆದ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು 1971ರಲ್ಲಿಯೇ ಈ ಸ್ಥಿತಿಯನ್ನು ಮುಂಗಂಡಿದ್ದರು. ಮಾಹಿತಿಯು ಗಮನವನ್ನು ಉಂಡು ಬೆಳೆಯುತ್ತದೆ. ಆದ್ದರಿಂದ ಮಾಹಿತಿ ಸಮೃದ್ಧವಾದಲ್ಲಿ ಗಮನಕ್ಕೆ ಬಡತನ ಬರುತ್ತದೆ ಎಂಬುದು ಅವರ ವಾದದ ತಾತ್ಪರ್ಯ. ನಮ್ಮ ವಿದ್ಯಾರ್ಥಿನಿಗೆ ಬಂದಿರುವುದು ಈ ಬಡತನವೇ.

ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್‌ರು ತಮ್ಮ ಜೀವಿತದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು; 1962ರಲ್ಲಿ ಅಲ್ಲಿ ದಾಖಲೆಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂದು ವಿಧಿಸುತ್ತದೆ. ಗ್ರಂಥಾಲಯದಲ್ಲಿ ಆ ಹೊಣೆ ಗ್ರಂಥಪಾಲಕರದು. ಮೊಬೈಲಿನೊಳಗಿನ ಗ್ರಂಥಾಲಯದಲ್ಲಿ ಅದು ಓದುಗನ ಮೇಲೆಯೇ ಬಿದ್ದಿದೆ. ಆ ಹೊಣೆಯನ್ನು ನಿರ್ವಹಿಸುವ ಉಪಕರಣವೇ ನಾವು ಹೇಳಹೊರಟಿರುವ ಫಲಕ.

ಹೆಸರಿನ ಕಥೆ

ಇಂಗ್ಲಿಷಿನಲ್ಲಿ ಇಂಥ ಫಲಕಕ್ಕೆ ‘ಡ್ಯಾಶ್‌ಬೋರ್ಡ್’ ಎಂದು ಹೆಸರು. ಈ ಮಾತು ಹುಟ್ಟಿದ್ದು ಕುದುರೆಗಾಡಿಗಳ ಕಾಲದಲ್ಲಿ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರೂ ಕಲ್ಲೂ ಗಾಡಿಯವನ ಮೈಗೆ ತಾಗದಂತೆ ಅವನ ಮುಂದೆ ಒಂದು ಹಲಗೆಯನ್ನು ನಿಲ್ಲಿಸುತ್ತಿದ್ದರು. ಮೋಟಾರು ಗಾಡಿಗಳು ಬಂದಾಗ ಕುದುರೆ ಹೋಯಿತು, ಹಲಗೆ ಉಳಿಯಿತು. ವೇಗವನ್ನೂ ಎಣ್ಣೆಯ ಪ್ರಮಾಣವನ್ನೂ ತೋರಿಸುವ ಮಾಪಕಗಳನ್ನು ಅದರ ಮೇಲೆಯೇ ಕೂರಿಸಿದರು. ಕಂಪ್ಯೂಟರಿಗೆ ಹೆಸರು ಬಂದದ್ದು ಈ ಎರಡನೆಯ ಅರ್ಥದಿಂದ. ಆದರೆ ಮೊದಲನೆಯ ಅರ್ಥವನ್ನು ನಾವು ಮರೆಯಬಾರದು. ಒಳ್ಳೆಯ ಫಲಕ ಬೇಕಾದುದನ್ನು ತೋರಿಸುವುದು ಮಾತ್ರವಲ್ಲ, ಬೇಡವಾದ ಕೆಸರನ್ನು ತಡೆಯಲೂ ಬೇಕು.

ಕಲಿಯುವವನ ಮುಂದೆ ಅವನಿಗೆ ಬೇಕಾದ ಆಕರಗಳನ್ನೆಲ್ಲ ಒಂದೆಡೆ ತಂದಿರಿಸಬೇಕೆಂಬ ಕಲ್ಪನೆಯೂ ಹಳೆಯದೇ. ಅಮೆರಿಕದ ಇಂಜಿನಿಯರ್ ವನೇವರ್ ಬುಷ್ 1945ರಲ್ಲಿ ಬರೆದ ಒಂದು ಲೇಖನದಲ್ಲಿ ‘ಮೆಮೆಕ್ಸ್’ ಎಂಬ ಯಂತ್ರವನ್ನು ವರ್ಣಿಸಿದರು. ಅದು ಒಂದು ಮೇಜು. ಪುಸ್ತಕ, ಪತ್ರ, ಟಿಪ್ಪಣಿಗಳೆಲ್ಲ ಸೂಕ್ಷ್ಮಚಿತ್ರಗಳಾಗಿ ಅದರೊಳಗೆ ಅಡಗಿರುತ್ತವೆ. ಬೇಕಾದಾಗ ಪರದೆಯ ಮೇಲೆ ಮೂಡುತ್ತವೆ. ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ಓದುಗ ತನ್ನದೇ ಆದ ಕೊಂಡಿಗಳನ್ನು ಹಾಕಿಟ್ಟುಕೊಳ್ಳಬಹುದು. ಆ ಮೇಜು ಎಂದೂ ತಯಾರಾಗಲಿಲ್ಲ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಸೂಚಿಸಿದ ವಿಶ್ವವ್ಯಾಪಿ ಜಾಲದಲ್ಲಿ ಅದರ ಆಸೆ ಬಹುಮಟ್ಟಿಗೆ ಕೈಗೂಡಿತು.

ಒಂದು ಸಣ್ಣ ಪ್ರಯೋಗ

ಬೇಡವಾದುದನ್ನು ತಡೆಯುವುದು ಅಷ್ಟೊಂದು ಮುಖ್ಯವೇ ಎಂಬ ಸಂದೇಹ ಕೆಲವರಿಗೆ ಬರಬಹುದು. ಅಂಥವರು ಈ ಪ್ರಯೋಗವನ್ನು ಮಾಡಿ ನೋಡಲಿ. ಒಂದು ಹಾಳೆ, ಒಂದು ಪೆನ್ಸಿಲ್, ಸೆಕೆಂಡು ತೋರಿಸುವ ಗಡಿಯಾರ ಇಷ್ಟು ಸಾಕು. ಮೊದಲು ‘ಕ’ದಿಂದ ‘ಞ’ವರೆಗೆ ಹತ್ತು ಅಕ್ಷರಗಳನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಅದರ ಕೆಳಗೆ 1ರಿಂದ 10ರವರೆಗೆ ಅಂಕಿಗಳನ್ನು ಬರೆಯಿರಿ. ಒಟ್ಟು ಎಷ್ಟು ಸೆಕೆಂಡು ಹಿಡಿಯಿತೆಂದು ಗುರುತು ಮಾಡಿ. ಆಮೇಲೆ ಅದೇ ಕೆಲಸವನ್ನು ಬದಲು ಬದಲಾಗಿ ಮಾಡಿ: ಮೇಲಿನ ಸಾಲಿನಲ್ಲಿ ‘ಕ’, ಕೆಳಗಿನ ಸಾಲಿನಲ್ಲಿ 1, ಮೇಲೆ ‘ಖ’, ಕೆಳಗೆ 2, ಹೀಗೆ ಕೊನೆಯವರೆಗೆ. ಬರೆದ ಅಕ್ಷರಗಳೂ ಅಂಕಿಗಳೂ ಎರಡು ಸಲವೂ ಅವೇ ಇಪ್ಪತ್ತು. ಆದರೂ ಎರಡನೆಯ ಸಲ ಹೆಚ್ಚು ಕಾಲ ಹಿಡಿಯುವುದನ್ನೂ ನಡುನಡುವೆ ಕೈ ತಡವರಿಸುವುದನ್ನೂ ನೀವೇ ಕಾಣುವಿರಿ.

ಆರ್ಥರ್ ಜರ್ಸಿಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1927ರಲ್ಲಿಯೇ ಕೂಡುವ ಮತ್ತು ಕಳೆಯುವ ಲೆಕ್ಕಗಳನ್ನು ಬೆರೆಸಿ ಕೊಟ್ಟು ಇಂಥ ಪ್ರಯೋಗಗಳನ್ನು ನಡೆಸಿದ್ದರು. ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವಾಗ ಪ್ರತಿಯೊಂದು ಹೊರಳಿಗೂ ಒಂದಿಷ್ಟು ಸುಂಕ ತೆರಬೇಕಾಗುತ್ತದೆ. ಭೌತಶಾಸ್ತ್ರದ ಲೆಕ್ಕದ ನಡುವೆ ಸಂದೇಶ, ಸಂದೇಶದ ನಡುವೆ ಚಿತ್ರ, ಚಿತ್ರದಿಂದ ಮತ್ತೆ ಲೆಕ್ಕ: ಹೀಗೆ ಓದುವವನು ಸುಂಕದ ಕಟ್ಟೆಯಲ್ಲಿಯೇ ದಿನ ಕಳೆಯುತ್ತಾನೆ. ಬೇಕಾದುದೆಲ್ಲ ಒಂದೇ ಪುಟದಲ್ಲಿ, ನಿಶ್ಚಿತವಾದ ಸ್ಥಳದಲ್ಲಿ ಇದ್ದರೆ ಈ ಹೊರಳಾಟ ಕಡಮೆಯಾಗುತ್ತದೆ.

ಸುದ್ದಿ ತಾನಾಗಿ ಬರುವ ಬಗೆ

ಹತ್ತು ತಾಣಗಳಲ್ಲಿ ಹೊಸದೇನು ಬಂದಿದೆಯೆಂದು ತಿಳಿಯಲು ಹತ್ತು ಬಾಗಿಲು ತಟ್ಟಬೇಕೆ? ಬೇಡ. 1999ರ ಮಾರ್ಚಿಯಲ್ಲಿ ನೆಟ್‌ಸ್ಕೇಪ್ ಎಂಬ ಕಂಪೆನಿ, ಓದುಗರು ತಮಗೆ ಬೇಕಾದಂತೆ ಜೋಡಿಸಿಕೊಳ್ಳುವ ಒಂದು ಪುಟಕ್ಕಾಗಿ ‘ಆರ್‌ಎಸ್‌ಎಸ್’ ಎಂಬ ಏರ್ಪಾಡನ್ನು ಜಾರಿಗೆ ತಂದಿತು. ಅದನ್ನು ರೂಪಿಸಿದವರಲ್ಲಿ ಒಬ್ಬರು ಮದ್ರಾಸಿನ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ.

ಇದರ ತತ್ತ್ವ ಬಹಳ ಸರಳವಾದುದು. ತಾಣದವರು ತಮ್ಮ ಅಲಂಕಾರದ ಪುಟಗಳ ಜೊತೆಗೆ ಒಂದು ಬರಿಯ ಪಟ್ಟಿಯನ್ನೂ ಇಟ್ಟಿರುತ್ತಾರೆ. ಇದಕ್ಕೆ ‘ಫೀಡ್’ ಎಂದು ಹೆಸರು. ಅದರಲ್ಲಿ ಪ್ರತಿಯೊಂದು ಹೊಸ ಬರೆಹದ ಶೀರ್ಷಿಕೆ, ಅದರ ವಿಳಾಸ, ಪ್ರಕಟವಾದ ದಿನ, ಎರಡು ಸಾಲಿನ ಸಾರಾಂಶ ಇವಿಷ್ಟೇ ಇರುತ್ತವೆ, ಚಿತ್ರವಿಲ್ಲ, ಜಾಹೀರಾತಿಲ್ಲ. ನಿಮ್ಮ ಬಳಿ ಇರುವ ‘ಫೀಡ್ ರೀಡರ್’ ಎಂಬ ಸಾಧನ ಆಗಾಗ್ಗೆ ಆ ಪಟ್ಟಿಯನ್ನು ನೋಡಿಬರುತ್ತದೆ. ಹೋಗುವಾಗ ತಾನು ಹಿಂದಿನ ಸಲ ಬಂದ ಹೊತ್ತನ್ನೂ ತಿಳಿಸುತ್ತದೆ. ಅಂದಿನಿಂದ ಏನೂ ಬದಲಾಗದಿದ್ದರೆ ಆ ಕಡೆಯ ಕಂಪ್ಯೂಟರು 304 ಎಂಬ ಸಂಕೇತವನ್ನು ಹೇಳಿ ಕಳುಹಿಸಿಬಿಡುತ್ತದೆ. ‘ಬದಲಾಗಿಲ್ಲ’ ಎಂದು ಅದರ ಅರ್ಥ. ಅಂಚೆಯವನನ್ನು ಬೀದಿಯಲ್ಲಿ ಕಂಡು “ನಮಗೇನಾದರೂ ಉಂಟೇ?” ಎಂದು ಕೇಳಿದಾಗ ಅವನು ತಲೆಯಲ್ಲಾಡಿಸಿ ಮುಂದೆ ಹೋದ ಹಾಗೆ. ಹೀಗಾಗಿ ಈ ಏರ್ಪಾಡಿಗೆ ಬೇಕಾಗುವ ಡೇಟಾ ಅತ್ಯಲ್ಪ.

ಇದರಲ್ಲಿ ಇನ್ನೊಂದು ಲಾಭವೂ ಉಂಟು. ಯೂಟ್ಯೂಬಿನ ಪ್ರತಿಯೊಂದು ಚಾನೆಲಿಗೂ ಒಂದು ಫೀಡ್ ಇದೆ. ನಿಮಗೆ ಬೇಕಾದ ಅಧ್ಯಾಪಕರ ಚಾನೆಲಿನ ಫೀಡನ್ನು ರೀಡರಿಗೆ ಸೇರಿಸಿಕೊಂಡರೆ ಅವರ ಹೊಸ ಉಪನ್ಯಾಸಗಳ ಹೆಸರುಗಳು ಮಾತ್ರ ನಿಮ್ಮ ಮುಂದೆ ಬರುತ್ತವೆ. ‘ಇದನ್ನೂ ನೋಡಿ, ಅದನ್ನೂ ನೋಡಿ’ ಎಂದು ಪಕ್ಕದಲ್ಲಿ ಕೈಬೀಸಿ ಕರೆಯುವ ಚಿತ್ರಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಯಾವುದನ್ನು ನೋಡಬೇಕೆಂಬ ತೀರ್ಮಾನ ಕಂಪೆನಿಯ ಯಂತ್ರದಿಂದ ನಿಮ್ಮ ಕೈಗೆ ಮರಳುತ್ತದೆ. ಫೀಡ್ಲಿ, ಇನೋರೀಡರ್ ಮೊದಲಾದ ರೀಡರ್‌ಗಳನ್ನು ಸಾಧಾರಣ ಬಳಕೆಗೆ ಹಣ ಕೊಡದೆ ಉಪಯೋಗಿಸಬಹುದು. ಎಲ್ಲ ತಾಣಗಳೂ ಫೀಡ್ ಕೊಡುವುದಿಲ್ಲವೆಂಬುದು ನಿಜ. ಕೊಡದ ತಾಣದ ವಿಳಾಸವನ್ನು ಫಲಕದ ಮೇಲೆ ಬರೆದಿಟ್ಟು ವಾರಕ್ಕೊಮ್ಮೆ ಹೋಗಿ ನೋಡುವುದೇ ಮಾರ್ಗ.

ನಾಲ್ಕು ಮನೆಗಳು

ಇನ್ನು ಫಲಕದ ವಿನ್ಯಾಸಕ್ಕೆ ಬರೋಣ. ಸ್ಟೇಷನ್ ಮಾಸ್ಟರರ ಫಲಕ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. ವಿದ್ಯಾರ್ಥಿಗೆ ದಿನವೂ ಎದುರಾಗುವ ಪ್ರಶ್ನೆಗಳು ನಾಲ್ಕು. ಆದ್ದರಿಂದ ಪುಟವನ್ನು ನಾಲ್ಕು ಮನೆಗಳಾಗಿ ವಿಭಾಗಿಸಿಕೊಳ್ಳುವುದು ಅನುಕೂಲ.

ಮೊದಲನೆಯ ಮನೆ ‘ಇಂದು’. ಈ ಹೊತ್ತು ನಾನು ಮಾಡಬೇಕಾದುದೇನು ಎಂಬುದು ಇಲ್ಲಿಯ ಪ್ರಶ್ನೆ. ಇಲ್ಲಿ ಒಂದು ಕ್ಯಾಲೆಂಡರ್ ಇರಲಿ. ಪರೀಕ್ಷೆಗಳು, ಪ್ರಯೋಗಗಳು, ಒಪ್ಪಿಸಬೇಕಾದ ಬರೆಹಗಳು ಇವುಗಳ ದಿನಾಂಕಗಳು ವಾಟ್ಸಾಪಿನಲ್ಲಿ ಕಂಡೊಡನೆಯೇ ಇಲ್ಲಿಗೆ ಬರಬೇಕು. ಕ್ಯಾಲೆಂಡರಿನ ಕೆಳಗೆ ಅಂದಿನ ಮೂರು ಕೆಲಸಗಳನ್ನು ಬರೆಯಿರಿ, ನಾಲ್ಕನೆಯದನ್ನು ಬರೆಯಬೇಡಿ. ಹತ್ತು ಕೆಲಸಗಳ ಪಟ್ಟಿ ಮಾಡಿ ಎರಡನ್ನು ಮುಗಿಸಿದವನಿಗೆ ಸೋಲಿನ ಭಾವನೆ ಉಳಿಯುತ್ತದೆ. ಮೂರರಲ್ಲಿ ಎರಡನ್ನು ಮುಗಿಸಿದವನಿಗೆ ನಾಳೆಯ ಧೈರ್ಯ ಉಳಿಯುತ್ತದೆ.

ಎರಡನೆಯ ಮನೆ ‘ಬಂದದ್ದು’. ಹೊಸದೇನಿದೆ ಎಂಬ ಪ್ರಶ್ನೆಗೆ ಇದು ಉತ್ತರ. ಮೇಲೆ ಹೇಳಿದ ಫೀಡ್‌ಗಳಿಗೆ ಇಲ್ಲಿ ಸ್ಥಾನ. ಐದಾರು ಫೀಡ್‌ಗಳಿಗಿಂತ ಹೆಚ್ಚು ಬೇಡ.

ಮೂರನೆಯ ಮನೆ ‘ಆಕರ’. ತಿಳಿಯದಿದ್ದರೆ ಎಲ್ಲಿ ನೋಡಬೇಕು ಎಂಬ ಪ್ರಶ್ನೆ ಇಲ್ಲಿಯದು. ಪಠ್ಯಪುಸ್ತಕದ ವಿಳಾಸ, ಉಪನ್ಯಾಸಗಳ ವಿಳಾಸ, ಪ್ರಯೋಗಶಾಲೆಯ ವಿಳಾಸ ಇಲ್ಲಿರಲಿ. ಪ್ರಯೋಗಶಾಲೆಗೂ ಅಂತರಜಾಲದಲ್ಲಿ ವಿಳಾಸವುಂಟೇ ಎಂದು ಆಶ್ಚರ್ಯಪಡಬೇಕಾಗಿಲ್ಲ. ಕೇಂದ್ರ ಶಿಕ್ಷಣ ಇಲಾಖೆಯ ‘ವರ್ಚುಯಲ್ ಲ್ಯಾಬ್ಸ್’ ಯೋಜನೆಯಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಯೂ ಪಾಲುದಾರ ಸಂಸ್ಥೆಯಾಗಿದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್‌ರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಫೆಟ್’ ತಾಣದಲ್ಲಿ ವಿದ್ಯುನ್ಮಂಡಲಗಳನ್ನೂ ಲೋಲಕಗಳನ್ನೂ ಪರದೆಯ ಮೇಲೆಯೇ ಜೋಡಿಸಿ ಪರೀಕ್ಷಿಸಬಹುದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಮನೆಯಲ್ಲಿ ಅತ್ಯಂತ ಅಗತ್ಯವಾದುದು ನಿಘಂಟು. ಹತ್ತನೆಯ ತರಗತಿಯಲ್ಲಿ ‘ವಕ್ರೀಭವನ’ವೆಂದು ಚೆನ್ನಾಗಿ ಅರಿತುಕೊಂಡಿದ್ದ ವಿಷಯ ಪಿಯುಸಿಯಲ್ಲಿ ‘ರಿಫ್ರಾಕ್ಷನ್’ ಎಂಬ ವೇಷದಲ್ಲಿ ಬಂದಾಗ ಅದು ಬೇರೆಯೇ ವಿಷಯವೆಂದು ವಿದ್ಯಾರ್ಥಿನಿ ಭಾವಿಸುತ್ತಾಳೆ. ನೀರಿನಲ್ಲಿ ಅದ್ದಿದ ಕೋಲು ಎರಡು ಭಾಷೆಗಳಲ್ಲಿಯೂ ಒಂದೇ ರೀತಿಯಾಗಿ ಬಾಗಿದಂತೆ ಕಾಣುತ್ತದೆ! ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಹಲವು ನಿಘಂಟುಗಳಿವೆ. ಕರ್ನಾಟಕ ಸರ್ಕಾರದ ‘ಕಣಜ’ ಇದೆ. 2003ರಿಂದ ಬೆಳೆಯುತ್ತ ಬಂದಿರುವ ಕನ್ನಡ ವಿಕಿಪೀಡಿಯ ಇದೆ. ಇಂಗ್ಲಿಷ್ ಪದ ಒಂದು ಕಡೆ, ತಾನು ಮೊದಲೇ ಬಲ್ಲ ಕನ್ನಡ ಪದ ಇನ್ನೊಂದು ಕಡೆ, ಹೀಗೆ ತನ್ನದೇ ಒಂದು ಪದಪಟ್ಟಿಯನ್ನು ದಿನಕ್ಕೆ ಐದು ಪದಗಳಂತೆ ಬೆಳೆಸುತ್ತ ಹೋದರೆ ಮೂರು ತಿಂಗಳಲ್ಲಿ ನಾನೂರೈವತ್ತು ಪದಗಳಾಗುತ್ತವೆ. ಪದಪಟ್ಟಿಯನ್ನು ಯೂನಿಕೋಡಿನಲ್ಲಿ ಬರೆಯಬೇಕೆಂಬುದನ್ನು ಮಾತ್ರ ಮರೆಯಬಾರದು. ಯೂನಿಕೋಡಿನಲ್ಲಿ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. ನಮ್ಮ ‘ಕ’ ಅಕ್ಷರದ ಸಂಖ್ಯೆ 3221. ಆದ್ದರಿಂದ ಇಂದು ಮೊಬೈಲಿನಲ್ಲಿ ಬರೆದ ಪದವನ್ನು ನಾಳೆ ಕಾಲೇಜಿನ ಕಂಪ್ಯೂಟರಿನಲ್ಲಿ ಹುಡುಕಿದರೂ ಸಿಕ್ಕುತ್ತದೆ.

ನಾಲ್ಕನೆಯ ಮನೆ ‘ಮರಳಿ ನೋಡು’. ಓದಿದ್ದರಲ್ಲಿ ಯಾವುದನ್ನು ಮರೆಯುತ್ತಿದ್ದೇನೆ ಎಂಬುದು ಇಲ್ಲಿಯ ಪ್ರಶ್ನೆ. ಬಹು ಮಂದಿ ಈ ಮನೆಯನ್ನು ಕಟ್ಟುವುದೇ ಇಲ್ಲ. ನಾಲ್ಕರಲ್ಲಿ ಇದೇ ಅತಿ ಮುಖ್ಯವಾದುದು.

ಮರೆವಿನ ಲೆಕ್ಕ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಜ್ಞಾಪಕಶಕ್ತಿಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಒಳಗಾದವರು ಅವರೊಬ್ಬರೇ. ಅರ್ಥವಿಲ್ಲದ ಅಕ್ಷರಗುಂಪುಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಕೆಲವು ಕಾಲದ ಮೇಲೆ ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿತಾಯವಾಯಿತೆಂದು ಅವರು ಅಳೆಯುತ್ತಿದ್ದರು. ಒಂದು ಗಂಟೆಯ ಬಳಿಕ ಉಳಿತಾಯ ಶೇಕಡ 44ರಷ್ಟು. ಒಂದು ದಿನದ ಬಳಿಕ ಶೇಕಡ 34. ಮೂವತ್ತೊಂದು ದಿನಗಳ ಬಳಿಕವೂ ಶೇಕಡ 21. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಬಿರುಸಾಗಿ ಇಳಿದು ಆಮೇಲೆ ನಿಧಾನವಾಗುತ್ತದೆಂದು ಇದರಿಂದ ಸ್ಪಷ್ಟವಾಗುತ್ತದೆ. ಅರ್ಥವುಳ್ಳ ಪಾಠ ಇಷ್ಟು ಬೇಗ ಮರೆಯುವುದಿಲ್ಲ; ಆದರೆ ಇಳಿತದ ರೀತಿ ಇಂಥದೇ. ಮೊದಲ ಮರುನೋಟ ಮರುದಿನವೇ ಆಗಬೇಕು ಎನ್ನುವುದಕ್ಕೆ ಕಾರಣ ಇದು.

ಮರುನೋಟವೆಂದರೆ ಮತ್ತೆ ಓದುವುದಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಒಂದು ಗುಂಪಿನವರು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಗುಂಪಿನವರು ಒಂದು ಸಲ ಓದಿ, ಎರಡನೆಯ ಸಲ ಪುಸ್ತಕ ಮುಚ್ಚಿ ನೆನಪಿದ್ದುದನ್ನು ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಆದರೆ ಒಂದು ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇಕಡ 42. ಪುಸ್ತಕ ಮುಚ್ಚಿ ಬರೆದವರಿಗೆ ಶೇಕಡ 56.

ಈ ಎರಡು ಸಂಗತಿಗಳನ್ನು ಬಳಸಿಕೊಳ್ಳುವ ಸುಲಭ ವಿಧಾನವನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕರು 1972ರಲ್ಲಿ ಪ್ರಚಾರಕ್ಕೆ ತಂದರು. ಒಂದು ಚೀಟಿಯ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಸರಿಯುತ್ತರ ಬಂದ ಚೀಟಿ ಮುಂದಿನ ಗೂಡಿಗೆ ಹೋಗುತ್ತದೆ. ಆ ಗೂಡನ್ನು ಹೆಚ್ಚು ದಿನ ಬಿಟ್ಟು ತೆರೆಯಬೇಕು. ತಪ್ಪಿದ ಚೀಟಿ ಮೊದಲ ಗೂಡಿಗೆ ಮರಳುತ್ತದೆ. ನಮ್ಮ ನಾಲ್ಕನೆಯ ಮನೆಯಲ್ಲಿ ‘ನಾಳೆ’, ‘ಮೂರು ದಿನ’, ‘ವಾರ’, ‘ತಿಂಗಳು’ ಎಂಬ ನಾಲ್ಕು ಪಟ್ಟಿಗಳನ್ನು ಇಟ್ಟುಕೊಂಡು ಇದನ್ನು ನಡೆಸಬಹುದು. ಮೂರನೆಯ ಮನೆಯ ಪದಪಟ್ಟಿಯೂ ಇಲ್ಲಿಗೆ ಬಂದರೆ ಪದಗಳು ಬಾಯಲ್ಲಿ ನಿಲ್ಲುತ್ತವೆ.

ಕಟ್ಟುವ ಕ್ರಮ

ಮೊದಲು ಕಾಗದದ ಮೇಲೆ ಕಟ್ಟಿರಿ. ಒಂದು ಹಾಳೆಯನ್ನು ನಾಲ್ಕು ಮಾಡಿ ಮಡಿಸಿ, ಮನೆಗಳಿಗೆ ಹೆಸರು ಬರೆದು, ಒಂದು ವಾರ ಅದರಂತೆ ನಡೆದು ನೋಡಿ. ಏನನ್ನು ನಿಜವಾಗಿ ಬಳಸುತ್ತೀರಿ, ಏನನ್ನು ಸುಮ್ಮನೆ ಬರೆದಿದ್ದೀರಿ ಎಂಬುದು ಒಂದು ವಾರದಲ್ಲಿ ಗೊತ್ತಾಗುತ್ತದೆ. ಬಳಸದುದನ್ನು ಹೊಡೆದುಹಾಕಿ.

ಬಳಿಕ ಅಂತರಜಾಲಕ್ಕೆ ಹೋಗಿ. ಗೂಗಲ್ ಸೈಟ್ಸ್‌ನಂಥ ಉಚಿತ ಸೌಲಭ್ಯದಲ್ಲಿ ಒಂದು ಖಾಲಿ ಪುಟವನ್ನು ತೆರೆದು ಅದರ ಮೇಲೆ ನಾಲ್ಕು ಭಾಗಗಳನ್ನು ಮಾಡಿಕೊಳ್ಳಿ. ಮೊದಲ ಭಾಗದಲ್ಲಿ ನಿಮ್ಮ ಕ್ಯಾಲೆಂಡರನ್ನು ಕೂರಿಸಿ. ಎರಡನೆಯದರಲ್ಲಿ ಫೀಡ್ ರೀಡರಿನ ಕೊಂಡಿ, ಮೂರನೆಯದರಲ್ಲಿ ಆಕರಗಳ ಕೊಂಡಿಗಳು, ನಾಲ್ಕನೆಯದರಲ್ಲಿ ಮರುನೋಟದ ಪಟ್ಟಿಗಳಿರುವ ಕಡತದ ಕೊಂಡಿ ಇರಲಿ. ಪುಟವನ್ನು ನಿಮಗೊಬ್ಬರಿಗೇ ಕಾಣುವಂತೆ ಇಟ್ಟುಕೊಳ್ಳಿ. ಬ್ರೌಸರನ್ನು ತೆರೆದಾಗ ಮೊಟ್ಟಮೊದಲು ಈ ಪುಟವೇ ಕಾಣುವಂತೆ ಏರ್ಪಡಿಸಿ. ಒಂದು ಸಂಜೆಯ ಕೆಲಸ ಇದು.

ಫಲಕ ಅಂತರಜಾಲದಲ್ಲಿರುವುದರ ವಿಶೇಷ ಅನುಕೂಲವೆಂದರೆ ಅದು ಯಂತ್ರಕ್ಕೆ ಅಂಟಿಕೊಂಡಿಲ್ಲ. ಮನೆಯ ಮೊಬೈಲು ಅಪ್ಪನ ಬಳಿ ಇದ್ದ ದಿನ ಕಾಲೇಜಿನ ಕಂಪ್ಯೂಟರಿನಲ್ಲಿ ಅದೇ ಪುಟವನ್ನು ತೆರೆಯಬಹುದು. ಆದರೆ ಒಂದು ಎಚ್ಚರಿಕೆ. ಒಂದು ತಾಣಕ್ಕೆ ನೀವು ಪ್ರವೇಶಿಸಿದಾಗ ಅದು ‘ಕುಕಿ’ ಎಂಬ ಒಂದು ಗುರುತಿನ ಬಿಲ್ಲೆಯನ್ನು ನಿಮ್ಮ ಬ್ರೌಸರಿನಲ್ಲಿ ಇಟ್ಟಿರುತ್ತದೆ. ಆ ಬಿಲ್ಲೆಯನ್ನು ಕಂಡು ನಿಮ್ಮನ್ನು ಗುರುತಿಸುತ್ತದೆ. ಲಾಗೌಟ್ ಮಾಡದೆ ಎದ್ದುಹೋದರೆ ನಿಮ್ಮ ಹಿಂದೆ ಕುಳಿತವರನ್ನೂ ಅದು ನೀವೆಂದೇ ತಿಳಿಯುತ್ತದೆ. ಗುಪ್ತಪದಗಳನ್ನು ಫಲಕದ ಮೇಲೆ ಬರೆಯಲೇಬಾರದು.

ಮುಚ್ಚಿದ ಬಾಗಿಲುಗಳು

ಉಚಿತವಾಗಿ ದೊರೆತ ಮನೆ ನಮ್ಮ ಸ್ವಂತದ್ದಲ್ಲವೆಂಬುದನ್ನೂ ತಿಳಿದಿರಬೇಕು. ಗೂಗಲ್ ಕಂಪೆನಿ 2005ರಲ್ಲಿ ಇಂಥದೇ ಒಂದು ಸ್ವಂತ ಪುಟದ ಸೌಲಭ್ಯವನ್ನು ತೆರೆದು ಮುಂದೆ ಅದಕ್ಕೆ ‘ಐಗೂಗಲ್’ ಎಂದು ಹೆಸರಿಟ್ಟಿತು. ಅನೇಕರು ಅದರ ಮೇಲೆ ತಮ್ಮ ಫಲಕಗಳನ್ನು ಕಟ್ಟಿಕೊಂಡರು. 2013ರ ನವೆಂಬರ್ 1ರಂದು ಅದು ಮುಚ್ಚಿಹೋಯಿತು. ಅದೇ ಕಂಪೆನಿಯ ಫೀಡ್ ರೀಡರು ಅದೇ ವರ್ಷದ ಜುಲೈ 1ರಂದು ಮುಚ್ಚಿತು. ಆಗ ತೊಂದರೆಗೆ ಸಿಕ್ಕದೆ ಪಾರಾದವರು ತಮ್ಮ ಫೀಡ್‌ಗಳ ಪಟ್ಟಿಯನ್ನು ‘ಒಪಿಎಂಎಲ್’ ಎಂಬ ಸಾಮಾನ್ಯ ರೂಪದ ಕಡತದಲ್ಲಿ ಇಳಿಸಿಕೊಂಡಿದ್ದವರು. ಅವರು ಆ ಕಡತವನ್ನು ಇನ್ನೊಂದು ರೀಡರಿಗೆ ಕೊಟ್ಟು ಮರುದಿನವೇ ಓದತೊಡಗಿದರು.

ಆದಕಾರಣ ತಿಂಗಳಿಗೊಮ್ಮೆ ಮೂರು ಪ್ರತಿಗಳನ್ನು ತೆಗೆದಿಡಿ: ಫೀಡ್‌ಗಳ ಪಟ್ಟಿ, ಕ್ಯಾಲೆಂಡರ್, ಪದಪಟ್ಟಿ. ತಿಂಗಳ ಆ ದಿನವೇ ಇನ್ನೊಂದು ಕೆಲಸವನ್ನೂ ಮಾಡಬೇಕು. ಹದಿನೈದು ದಿನಗಳಿಂದ ಒಮ್ಮೆಯೂ ತೆರೆಯದ ಕೊಂಡಿ ಫಲಕದ ಮೇಲಿದ್ದರೆ ಅದನ್ನು ಕಿತ್ತುಹಾಕಿ. ಹೊಸದೊಂದನ್ನ ಸೇರಿಸುವಾಗಲೆಲ್ಲ ಹಳೆಯದೊಂದನ್ನು ತೆಗೆಯುವ ನಿಯಮ ಇನ್ನೂ ಒಳ್ಳೆಯದು.

ಫಲಕವನ್ನು ಸಿಂಗರಿಸುವ ಚಟ ಅಂಟಿಕೊಳ್ಳದಂತೆಯೂ ನೋಡಿಕೊಳ್ಳಬೇಕು. ಬಣ್ಣ ಬದಲಾಯಿಸುವುದು, ಮನೆಗಳನ್ನು ಅತ್ತಿತ್ತ ಸರಿಸುವುದು, ಹೊಸ ಹೊಸ ಸೌಲಭ್ಯಗಳನ್ನು ಪರೀಕ್ಷಿಸುವುದು ಇವೆಲ್ಲ ಓದಿನಂತೆಯೇ ತೋರುವ ಓದಲ್ಲದ ಕೆಲಸಗಳು. ಫಲಕವನ್ನು ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷಗಳಾದ ಮೇಲೆ ಅದನ್ನು ಮರೆಯಬೇಕು.

ಕ್ಯಾತ್ಸಂದ್ರದ ನಮ್ಮ ವಿದ್ಯಾರ್ಥಿನಿಯ ಬಳಿಗೆ ಮರಳೋಣ. ರಾತ್ರಿ ಎಂಟು ಗಂಟೆಗೆ ಮೊಬೈಲು ಆಕೆಯ ಕೈಗೆ ಬಂದಿದೆ. ಮೊದಲ ಮನೆಯಲ್ಲಿ ಸೋಮವಾರದ ಪ್ರಯೋಗ ಪರೀಕ್ಷೆಯ ದಿನಾಂಕ ಕಾಣುತ್ತಿದೆ. ಎರಡನೆಯದರಲ್ಲಿ ಒಂದು ಹೊಸ ಉಪನ್ಯಾಸ. ಅದನ್ನು ಭಾನುವಾರ ಕೇಳಬಹುದು. ನಾಲ್ಕನೆಯದರಲ್ಲಿ ನಿನ್ನೆ ತಪ್ಪಿದ ಮೂರು ಪದಗಳು. ಆಕೆ ಅವುಗಳಿಗೆ ಮೊದಲು ಉತ್ತರ ಬರೆದು, ಮೊಬೈಲನ್ನು ಕೆಳಗಿಟ್ಟು, ಬೆಳಕಿನ ಅಧ್ಯಾಯವನ್ನು ತೆರೆಯುತ್ತಾಳೆ. ಗಡಿಯಾರದಲ್ಲಿ ಎಂಟು ಗಂಟೆ ಹತ್ತು ನಿಮಿಷ. ಓದಲು ಇನ್ನೂ ಒಂದು ಗಂಟೆ ಐವತ್ತು ನಿಮಿಷಗಳಿವೆ.